ಗುಂಯ್

ಬೆಸ್ಟ್ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ
ಟಿಕೆಟ್ಟು ಹರಿದವನ ಕಿವಿ ಇದು.
ಡಬಲ್ ಡೆಕ್ಕರಿನ ಹೊಟ್ಟೆಯ ಗುಡುಗು, ಹಗ್ಗ ಜಗ್ಗಿದ ಗಂಟೆ,
ಕುರ್ಲಾ ಡಿಪೋದ ಕೂಗಾಟ, ಎಲ್ಲ ಅರಗಿಸಿಕೊಂಡಿದೆ.
ಆದರೂ ಕಾಂಜೂರ್‌ಮಾರ್ಗದ ಈ ಒಂದೂವರೆ ಕೋಣೆಯಲ್ಲಿ
ರಿಟೈರಾದ ದುಡ್ಡಲ್ಲಿ ಕೊಂಡ ಹಳೇ ಆಂಪ್ಲಿಫೈಯರು
ಸ್ವಿಚ್ಚು ಹಾಕಿದ್ದೇ ತಡ
ಗುಂಯ್.

ಜೋರೇನಲ್ಲ. ಬೆಲ್ಲದ ಡಬ್ಬಿಯೊಳಗೆ
ಸಿಕ್ಕಿಬಿದ್ದ ನೊಣದಷ್ಟು.
ಸುರಬಹಾರದ ತಟ್ಟೆ ಹಾಕಿದರೆ
ಒಂದು ಮೀಂಡು ಮುಗಿದು ಇನ್ನೊಂದು ಏಳುವ ಮುನ್ನ
ಉಸ್ತಾದರು ಬಿಟ್ಟ ಜಾಗ ಇದೆಯಲ್ಲ,
ಅಲ್ಲೇ ಬಂದು ಕಾಲು ಚಾಚಿ ಕೂರುತ್ತದೆ,
ಟಿಕೆಟ್ಟಿಲ್ಲದವನ ಹಾಗೆ.

ಹುಡುಕಲು ಇಳಿದೆ.
ಟ್ಯೂಬ್‌ಲೈಟು ಆರಿಸಿದೆ. ಫ್ರಿಜ್ಜಿನ ಬಾಯಿ ಮುಚ್ಚಿಸಿದೆ.
ಕರೆಂಟಿನ ವೈರಿಗೂ ಹಾಡಿನ ವೈರಿಗೂ
ಮೈಗೆ ಮೈ ತಾಗದಂತೆ ಗೇಣು ದೂರ ಇಟ್ಟೆ.
ಗುಲಾಬಿ ಅಂದಳು: "ಗೋಡೆಗೆ ಕಿವಿ ಕೊಟ್ಟು ಕೂತಿದ್ದೀರಿ,
ಪಕ್ಕದವರು ಏನಂದುಕೊಳ್ಳಬೇಕು?"

ಲ್ಯಾಮಿಂಗ್ಟನ್ ರೋಡಿನಲ್ಲಿ ಒಬ್ಬ ಹುಡುಗ ಹೇಳಿದ,
ಪ್ಲಗ್ಗಿನ ಮೂರನೇ ಕಾಲು ಮುರಿದುಬಿಡಿ ಕಾಕಾ, ತೆಪ್ಪಗಾಗುತ್ತೆ.
ಮೂರು ಅಂಗಡಿ ಆಚೆ ಹೋಶಂಗ್,
ಎಂಬತ್ತರ ಮುದುಕ, ಮೂಗಿನ ತುದಿಗೆ ಬೆಸುಗೆಯ ಮಸಿ,
ಕೇಳಿ ಕೆಂಡವಾದ:
"ಗುಂಯ್ ಹೋಗುತ್ತೆ, ಸರಿ. ಒಂದು ದಿನ ನೀನೂ ಹೋಗ್ತೀಯ."
ಆಮೇಲೆ ಚಹಾದ ಗ್ಲಾಸು ಸರಿಸಿ ಪಾಠ ಮಾಡಿದ.
ವಾಲ್ಯೂಮು ತಿರುಗಿಸು. ಜೊತೆಗೆ ಅದೂ ಏರುತ್ತಾ?
ಏರಿದರೆ ಕಳ್ಳ ಹೊರಗಿನಿಂದ ಬಂದವನು.
ಒಂದೊಂದೇ ವೈರು ಕೀಳು,
ಒಂದೊಂದಕ್ಕೂ ಉಸಿರು ಹಿಡಿ.

ಆ ರಾತ್ರಿ ಕಡೆಯ ಲೋಕಲ್ ಹೋದ ಮೇಲೆ
ಮಂಡಿಯೂರಿ ಕಿತ್ತೆ.
ತಟ್ಟೆಯ ವೈರು. ಗುಂಯ್.
ರೇಡಿಯೋದ್ದು. ಗುಂಯ್.
ಟಿವಿ ಡಬ್ಬಿಯ ಬೆನ್ನಿಗೆ ತಿರುಪಿದ್ದ
ಕೇಬಲ್ಲಿನವನ ಕರಿ ಹಗ್ಗ

ಇಲ್ಲ.
ಏನೂ ಇಲ್ಲ.
ಹಲ್ಲುನೋವು ನಿಂತ ಮರುಗಳಿಗೆ
ನಾಲಿಗೆ ಹೊರಳಿಸಿ ಹುಡುಕುತ್ತೇವಲ್ಲ, ಹಾಗೆ ಹುಡುಕಿದೆ. ಇಲ್ಲ.

"ಎರಡು ಅರ್ತ್, ಡೀಕ್ರಾ," ಫೋನಿನಲ್ಲಿ ಹೋಶಂಗ್ ನಕ್ಕ.
"ಒಂದು ನಿನ್ನ ಗೋಡೆಯದು. ಇನ್ನೊಂದು ಕೇಬಲ್ಲಿನವನು
ಯಾವುದೋ ಬಿಲ್ಡಿಂಗಿನ ಪೈಪಿಗೆ ಕಟ್ಟಿಕೊಂಡದ್ದು.
ಎರಡು ನೆಲ ಒಂದೇ ಮಟ್ಟಕ್ಕಿರಲ್ಲ, ನಡುವೆ ಹರೀತಾ ಇರತ್ತೆ."
ನನ್ನ ಕನ್ನಡದ ಕಿವಿಗೆ ಅದು
ಎರಡು ಅರ್ಥ ಅಂತ ಕೇಳಿಸಿತು.
ಇರಬಹುದು. ಮರಾಠಿಯಲ್ಲಿ ಚಿಲ್ಲರೆ ಕೇಳಿ
ಕನ್ನಡದಲ್ಲಿ ಎಣಿಸಿ ಕೊಟ್ಟವನು ನಾನು,
ಒಂದು ಪೈಸೆ ಹೆಚ್ಚುಕಮ್ಮಿ ಆದದ್ದಿಲ್ಲ.

ನೂರೆಂಬತ್ತು ರೂಪಾಯಿಯ, ಬೆರಳುದ್ದದ ತುಂಡೊಂದು ಕೊಟ್ಟ.
ಹಗ್ಗಕ್ಕೂ ಡಬ್ಬಿಗೂ ನಡುವೆ ತಿರುಪಿದೆ.
ಚಿತ್ರ ಬಂತು, ಗುಂಯ್ ಬರಲಿಲ್ಲ.
ಎರಡು ದಿನ ಸುರಬಹಾರದ ಖಾಲಿ ಜಾಗವನ್ನೇ
ಮತ್ತೆ ಮತ್ತೆ ಹಾಕಿ ಕೇಳಿದೆ.

ಮೂರನೇ ರಾತ್ರಿ ಬಾಗಿಲು ತಟ್ಟಿದ್ದು ಪಕ್ಕದ ತಾಂಬೆ ವಹಿನಿ.
ಹೆಗಲ ಮೇಲೆ ಮಗಳ ಕೂಸು,
ಅತ್ತು ಅತ್ತು ಗಂಟಲು ಕಟ್ಟಿದ್ದು, ಮುಖ ಬೀಟ್‌ರೂಟು.
"ನಿಮ್ಮಲ್ಲೊಂದು ಸದ್ದಿತ್ತಲ್ಲ, ಭುಂಗಾ ಹಾರಿದ ಹಾಗೆ,
ಕೆಟ್ಟುಹೋಯಿತಾ?
ನಮ್ಮ ಓವೀ ಅದಿಲ್ಲದೆ ಕಣ್ಣು ಮುಚ್ಚಲೊಲ್ಲಳು."

ಗುಲಾಬಿ ನನ್ನ ಮುಖ ನೋಡಿದಳು.
ನಾನು ಹೋಶಂಗನ ತುಂಡು ನೋಡಿದೆ.

ಈಗ ಹತ್ತರ ತನಕ ಸುರಬಹಾರ.
ಆಮೇಲೆ ತಟ್ಟೆ ಒರೆಸಿ, ಕವರಿಗೆ ಸೇರಿಸಿ,
ತುಂಡು ಬಿಚ್ಚಿ, ಹಗ್ಗವನ್ನು ನೇರ ತಿರುಪಿ,
ಸ್ಪೀಕರಿನ ಮುಖ ಗೋಡೆಗೆ.
ವಾಲ್ಯೂಮು ಮೂರರ ಗೆರೆ, ಕೆಲವು ರಾತ್ರಿ ನಾಲ್ಕು.
ಗೋಡೆಯಾಚೆ ಅಳು ಬಿಕ್ಕಿಗೆ ಇಳಿಯುತ್ತದೆ,
ಬಿಕ್ಕು ಎಲ್ಲಿಗೋ.
ಕರೆಂಟಿನ ಬಿಲ್ಲು ಯಾರ ಲೆಕ್ಕಕ್ಕೆ ಬರೆಯೋಣ,
ಕೇಳುತ್ತಾಳೆ ಗುಲಾಬಿ.

ಮೆಲ್ಲಗೆ ಮಾತಾಡೇ,
ಅನ್ನುತ್ತೇನೆ.